ಕಂಬದಿಂದ ಕಂಬಕ್ಕೆ ಎಷ್ಟು ಅಡಿ?

ಪತ್ರದ ಸಾರ: ಸಾಗರದ ಕಡೆಯ ಪದವಿ ಕಾಲೇಜೊಂದರ ಕನ್ನಡ ಅಧ್ಯಾಪಕಿ ಬರೆದಿದ್ದಾರೆ. ಅವರ ಕಾಲೇಜಿನಲ್ಲಿ ‘ಮಲೆನಾಡಿನ ಇತಿಹಾಸ ಮತ್ತು ಸಂಸ್ಕೃತಿ’ ಅಂತ ಒಂದು ಮೈನರ್ ಕೋರ್ಸ್ (ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ) ಶುರು ಮಾಡುವ ಯೋಚನೆ ಇದೆ. ಇತಿಹಾಸ, ಕನ್ನಡ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಹೀಗೆ ವಿಭಾಗಕ್ಕೊಂದು ಪತ್ರಿಕೆ. ಕರಡು ಸಿಲಬಸ್ ಕಳಿಸಿ, ‘ಇದು ಸರಿ ಇದೆಯಾ? ಓದಿದರೆ ಕೆಲಸ ಸಿಗುತ್ತಾ ಅಂತ ಪ್ರಿನ್ಸಿಪಾಲರು ಕೇಳಿದರೆ ಏನು ಹೇಳಲಿ?’ ಎಂದು ಕೇಳಿದ್ದಾರೆ.

ನಮಸ್ಕಾರ ಮೇಡಂ,

ನಿಮ್ಮ ಕರಡನ್ನು ಎರಡು ಸಲ ಓದಿದೆ. ಬೇಜಾರು ಮಾಡ್ಕೋಬೇಡಿ, ಅದು ಮೈನರ್ ಕೋರ್ಸಿಗಿಂತ ಸ್ಟಾಫ್ ರೂಮಿನ ಟೈಂಟೇಬಲ್ ಥರ ಕಾಣುತ್ತಿದೆ. ನಾಲ್ಕು ವಿಭಾಗದವರು ತಮ್ಮ ತಮ್ಮ ಪಾಠವನ್ನು ತಂದು ಒಂದೇ ಚೀಲಕ್ಕೆ ಹಾಕಿದ್ದೀರಿ. ಮೊದಲ ಪತ್ರಿಕೆ ಶಿಲಾಯುಗದಿಂದ ಶುರುವಾಗುತ್ತೆ. ಹುಡುಗರು ಕೆಳದಿ ಅರಸರ ಕಾಲಕ್ಕೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತೆ.

ವಿಭಾಗ ಬಿಡಿ, ಊರಿನ ಒಂದು ಪ್ರಶ್ನೆ ಹಿಡಿಯಿರಿ. ನಿಮ್ಮ ಪಕ್ಕದಲ್ಲೇ ಇದೆಯಲ್ಲ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ. ಅದರ ಮುಂದಿನ ಕಂಬಗಳ ನಡುವಿನ ಅಂತರವೇ ಕೆಳದಿ ಅರಸರ ಕಾಲದಲ್ಲಿ ತೋಟದ ಜಮೀನಿಗೆ ಅಳತೆಯಾಗಿತ್ತು. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಇದನ್ನು ಬರೆದಿಟ್ಟಿದ್ದಾರೆ: ಆ ಅಳತೆಯ ಕೋಲು 18 ಅಡಿ 6 ಅಂಗುಲ, ಒಂದು ಮರಕ್ಕೆ ಅಷ್ಟು ಜಾಗ, ಅದರ ಹೆಸರು ದಾಯ. ಸಾವಿರ ದಾಯಕ್ಕೆ ಇಷ್ಟು ಅಂತ ಕಂದಾಯ. ಕೆಳದಿಯ ಅರಸ ಶಿವಪ್ಪನಾಯಕನ ಕಂದಾಯ ಪದ್ಧತಿಯನ್ನು ‘ಶಿವಪ್ಪನಾಯಕನ ಶಿಸ್ತು’ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ, ಆ ಶಿಸ್ತಿನ ಲೆಕ್ಕ ಹೀಗೆ ಕಲ್ಲಿನಲ್ಲೇ ನಿಂತಿದೆ.

ನಾನೂ ಕಾಲೇಜಿನಲ್ಲಿದ್ದಾಗ ಇಕ್ಕೇರಿಗೆ ಪ್ರವಾಸ ಹೋಗಿದ್ದೆ. ಮೇಷ್ಟ್ರು ದ್ರಾವಿಡ ಶೈಲಿ, ಹೊಯ್ಸಳ ಶೈಲಿ ಅಂತ ಹೇಳುತ್ತಾ ಹೋದರು, ನಾವು ಬರೆದುಕೊಳ್ಳುತ್ತಾ ಹೋದೆವು. ಇವತ್ತು ನೆನಪಿರುವುದು ಚಿತ್ರಾನ್ನ ಮಾತ್ರ. ಅವತ್ತು ಯಾರಾದರೂ ನನ್ನ ಕೈಗೊಂದು ಟೇಪು ಕೊಟ್ಟಿದ್ದರೆ!

ಈಗ ನೋಡಿ. ಇವತ್ತಿನ ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ ಸುಮಾರು 9 ಅಡಿ ಬಿಡುತ್ತಾರೆ. ದಾಯ ಅದರ ಎರಡರಷ್ಟಿದೆ. ಯಾಕೆ? ಆಗ ಗಿಡ ನೆಡುವ ಕ್ರಮವೇ ಬೇರೆಯಿತ್ತಾ? ನಡುವೆ ಬಾಳೆ, ಏಲಕ್ಕಿಗೆ ಜಾಗ ಬಿಡುತ್ತಿದ್ದರಾ? ಇಲ್ಲ, ರೈತನಿಗೆ ಕಂದಾಯದಲ್ಲಿ ಸ್ವಲ್ಪ ಉಸಿರಾಡಲು ಬಿಟ್ಟಿದ್ದಾ? ಇದಕ್ಕೆ ಇತಿಹಾಸದವರೊಬ್ಬರೇ ಉತ್ತರ ಕೊಡಲಾರರು. ಸಸ್ಯಶಾಸ್ತ್ರದವರು ಬೇಕು, ಅರ್ಥಶಾಸ್ತ್ರದವರು ಬೇಕು, ತೋಟ ಮಾಡಿಕೊಂಡಿರುವ ಯಾವುದೋ ಹುಡುಗನ ಅಜ್ಜ ಬೇಕು. ಕರೆಯದೇ ಎಲ್ಲ ವಿಭಾಗವೂ ಬಂದ ಹಾಗಾಯಿತಲ್ವಾ?

ಅಳತೆಯ ಎಳೆಯನ್ನೇ ಹಿಡಿದು ಹೊರಟರೆ ಎರಡನೇ ನಿಲ್ದಾಣ ಕಾಗೋಡು. ಅಲ್ಲಿನ ಗೇಣಿದಾರರ 1951ರ ಸತ್ಯಾಗ್ರಹಕ್ಕೆ ಕಿಡಿ ಹೊತ್ತಿದ್ದೂ ಒಂದು ಅಳತೆಯಿಂದಲೇ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಗೇಣಿದಾರರ ದೂರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಸತ್ಯಾಗ್ರಹದ ಮುಂದಾಳು ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಅಲ್ಲಿಂದ 1974ರ ಭೂಸುಧಾರಣೆಯ ತನಕ ಎಳೆ ಹೋಗುತ್ತೆ. ಇದನ್ನು ನೋಟ್ಸ್ ಬರೆಸಬೇಡಿ. ಊರ ಮನೆಗಳ ಅಟ್ಟದ ಮೇಲೆ ಹಳೇ ಕೊಳಗ ಸಿಕ್ಕರೆ ಎರಡು ತರಿಸಿ. ಒಂದಕ್ಕೆ ಭತ್ತ ತುಂಬಿ ಇನ್ನೊಂದಕ್ಕೆ ಸುರಿಯಿರಿ. ಚೆಲ್ಲುತ್ತಾ, ಸಾಲದೇ ಬರುತ್ತಾ? ಬಾಯಿಮಟ್ಟಕ್ಕೆ ಅಳೆಯುವುದಕ್ಕೂ ಮೇಲೆ ಗೋಪುರ ಕಟ್ಟಿ ಅಳೆಯುವುದಕ್ಕೂ ಎಷ್ಟು ವ್ಯತ್ಯಾಸ? ಲೆಕ್ಕದ ಮೇಷ್ಟ್ರಿಗೂ ಕೆಲಸ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ. ನಿಮ್ಮ ತರಗತಿಯಲ್ಲಿ ಗೇಣಿ ಕೊಟ್ಟವರ ಮೊಮ್ಮಕ್ಕಳೂ ಇರುತ್ತಾರೆ, ಗೇಣಿ ತಗೊಂಡವರ ಮೊಮ್ಮಕ್ಕಳೂ ಇರುತ್ತಾರೆ. ಅದಕ್ಕೇ ಇರಬೇಕು, ನಿಮ್ಮ ಕರಡಿನಲ್ಲಿ ಕಾಗೋಡಿಗೆ ಒಂದೇ ಸಾಲು. ನನಗಂತೂ ಇದನ್ನು ಬಿಟ್ಟ ಕೋರ್ಸ್ ಬೇಡವೇ ಬೇಡ. ಎರಡೂ ಕಡೆಯ ಹಿರಿಯರ ಮಾತು ಕೇಳಿಸಿ. ಆದರೆ ಯಾವ ಹುಡುಗನನ್ನೂ ಅವನ ಮನೆತನದ ಪರವಾಗಿ ಮಾತಾಡು ಅಂತ ಎದ್ದು ನಿಲ್ಲಿಸಬೇಡಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ ಕಳಕೊಂಡವರ ವಿಷಯದಲ್ಲೂ ಇದೇ ಎಚ್ಚರ ಇರಲಿ.

‘ಜಾನಪದ ಕಲೆಗಳು’ ಅಂತ ಒಂದು ಘಟಕ ಹಾಕಿದ್ದೀರಿ, ಪಟ್ಟಿ ಉದ್ದ ಇದೆ. ಒಂದು ಸಾಕು: ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ. ಕೆಮ್ಮಣ್ಣಿನ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಬರೆಯಲು ಬರುವ ದೀವರ ಸಮುದಾಯದ ಹೆಂಗಸರೊಬ್ಬರನ್ನು ಕರೆಸಿ ಒಂದು ವಾರ ಪಾಠ ಮಾಡಿಸಿ. ಕೊನೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಬೇಡಿ. ಅತಿಥಿ ಉಪನ್ಯಾಸಕರಿಗೆ ಏನು ಕೊಡುತ್ತೀರೋ ಅದನ್ನೇ ಕೊಡಿ.

ಕ್ರೆಡಿಟ್ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ ಮೈನರ್‌ಗೆ 24 ಕ್ರೆಡಿಟ್ ಇದೆ. ಆದರೆ ನಮ್ಮಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ಕ್ಕೆ ಹೋಯಿತು, ಮತ್ತೆ ಮೂರು ವರ್ಷ ಆಯಿತು. ನಿಯಮ ನಿಲ್ಲುವ ತನಕ ಕಾದರೆ ನೀವು ರಿಟೈರ್ ಆಗಿರುತ್ತೀರಿ. ಸುಮ್ನೆ 30 ಗಂಟೆಯ ಸರ್ಟಿಫಿಕೇಟ್ ಕೋರ್ಸ್ ಮಾಡಿ, 20 ಹುಡುಗರು ಸಾಕು. ಅದು ನಡೆದರೆ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಮುಂದೆ ಇಡಲು ಕೈಯಲ್ಲಿ ಏನಾದರೂ ಇರುತ್ತೆ.

ಕೆಲಸದ ಪ್ರಶ್ನೆಗೆ ಪ್ರಿನ್ಸಿಪಾಲರ ಹತ್ತಿರ ಸುಳ್ಳು ಹೇಳಬೇಡಿ. ‘ಪ್ರವಾಸೋದ್ಯಮದಲ್ಲಿ ಅಪಾರ ಅವಕಾಶ’ ಅನ್ನೋದೆಲ್ಲ ಬೇಡ. ಹಳೇ ದಾಖಲೆ ಓದಲು, ಹತ್ತು ಜನರನ್ನು ಮಾತಾಡಿಸಿ ಎರಡು ಪುಟ ನೆಟ್ಟಗೆ ಬರೆಯಲು ಬರುತ್ತೆ ಅನ್ನಿ. ಅಷ್ಟು ಬರುವವರು ಎಷ್ಟು ಕಡಿಮೆ ಅನ್ನೋದು ಪತ್ರಿಕೆ ನಡೆಸುವ ನನಗೆ ಚೆನ್ನಾಗಿ ಗೊತ್ತು.

ಓದಲು ರೈಸ್ ಅವರೇ ಸಂಪಾದಿಸಿದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೇ ಆವೃತ್ತಿಯ 8ನೇ ಸಂಪುಟ ತರಿಸಿ. ಸಾಗರ, ಸೊರಬದ ಶಾಸನಗಳು ಅದರಲ್ಲಿವೆ. ಹುಡುಗರು ಮೊದಲು ತಮ್ಮೂರಿನ ಹೆಸರು ಹುಡುಕಲಿ.

ಇಕ್ಕೇರಿಗೆ ಹೋಗುವ ಮುಂಚೆ ಪುರಾತತ್ವ ಇಲಾಖೆಯವರಿಗೆ ಹೇಳಿ ಹೋಗಿ, ಕಂಬಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಬೇಡಿ. ಇನ್ನೊಂದು ಮಾತು: 18 ಅಡಿ 6 ಅಂಗುಲ ಅಂದರೆ ಐದೂವರೆ ಮೀಟರಿಗಿಂತ ಜಾಸ್ತಿ. ಅಂಗಡಿಯಲ್ಲಿ ಸಿಗುವ 5 ಮೀಟರಿನ ಟೇಪು ಸಾಲಲ್ಲ, ಉದ್ದದ್ದು ತಗೊಂಡು ಹೋಗಿ. ಎಷ್ಟು ಬಂತು ಅಂತ ನನಗೂ ಒಂದು ಕಾಗದ ಹಾಕಿ.

— ಸಂಪಾದಕ