ವಾರವಿಡೀ ಟ್ರಾಫಿಕ್, ಭಾನುವಾರ ಘಾಟ್: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವವರ ಪ್ರಶ್ನೆಗಳು

ಪುಣೆ, ಮುಂಬೈ ಮತ್ತು ಗೋವಾದ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಕೋಥ್ರೂಡ್‌ನಲ್ಲಿ ಮನೆ, ಹಿಂಜೆವಾಡಿಯಲ್ಲಿ ಆಫೀಸು. ದಿನಕ್ಕೆ ಎರಡು ತಾಸಿಗೂ ಹೆಚ್ಚು ಟ್ರಾಫಿಕ್‌ನಲ್ಲೇ ಕಳೆಯುತ್ತದೆ. ಭಾನುವಾರ ಬೆಳಗ್ಗೆ ತಾಮ್ಹಿಣಿ ಘಾಟ್‌ಗೋ, ವಾಯಿ ದಾಟಿ ಪಸರಣಿ ಘಾಟ್‌ಗೋ ಹೋಗಿಬರುವ ಆಸೆ. ಬಜೆಟ್ ಏಳು ಲಕ್ಷ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಮೇಲೆ ಕಣ್ಣಿದೆ. ಆದರೆ ಗೇರ್‌ಬಾಕ್ಸ್ ಕೈಕೊಡುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಕೊಳ್ಳಬಹುದೇ? (ಓದುಗರು, ಪುಣೆ)

ಉತ್ತರ: ಮಾರುವವರನ್ನು ಮೊದಲು ಕೇಳಬೇಕಾದದ್ದು, ‘ಯಾವ ಜಿಟಿ ಟಿಎಸ್‌ಐ?’ ಎಂದು. ಆ ಒಂದೇ ಹೆಸರಿನಲ್ಲಿ ಎರಡು ಬೇರೆ ಕಾರುಗಳು ಓಡಾಡುತ್ತಿವೆ. 2013ರಲ್ಲಿ ಬಂದದ್ದು 1.2 ಲೀಟರ್‌ನ ನಾಲ್ಕು ಸಿಲಿಂಡರ್ ಟರ್ಬೊ, 105 ಪಿಎಸ್ (ಅಶ್ವಶಕ್ತಿಯ ಅಳತೆ), 7 ಸ್ಪೀಡ್ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2020ರಲ್ಲಿ ಬಿಎಸ್6 ಹೊಗೆ ನಿಯಮದ ಜೊತೆಗೆ ಬಂದದ್ದು 1.0 ಲೀಟರ್‌ನ ಮೂರು ಸಿಲಿಂಡರ್ ಟರ್ಬೊ, 110 ಪಿಎಸ್, 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಹೊರಗಿನಿಂದ ನೋಡಿದರೆ ಗೊಂದಲವಾಗುತ್ತದೆ. ಆರ್‌ಸಿಯಲ್ಲಿ ಸಿಸಿ ನೋಡಿ: 1197 ಎಂದಿದ್ದರೆ ಹಳೆಯದು, 999 ಎಂದಿದ್ದರೆ ಹೊಸದು.

ನಿಮ್ಮನ್ನು ಹೆದರಿಸುತ್ತಿರುವುದು ಹಳೆಯ 1197 ಸಿಸಿ ಕಾರಿನ ಡಿಎಸ್‌ಜಿ. ಆ ಹೆದರಿಕೆಗೆ ಕಾರಣವೂ ಇದೆ. ಅದರಲ್ಲಿ ಎರಡು ಕ್ಲಚ್. ಒಂದು 1, 3, 5, 7ನೇ ಗೇರ್‌ಗಳಿಗೆ, ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಎರಡೂ ಒಣ ಕ್ಲಚ್‌ಗಳು, ಎಣ್ಣೆಯಲ್ಲಿ ಮುಳುಗಿದವಲ್ಲ. ವಾಕಡ್ ಸೇತುವೆಯ ಹತ್ತಿರ ಕಾರು ಇಂಚಿಂಚಾಗಿ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತಲೇ ಇರುತ್ತದೆ. ಹಾಗೆ ಹುಟ್ಟುವ ಬಿಸಿಯನ್ನು ಹೊತ್ತೊಯ್ಯಲು ಅಲ್ಲಿ ಎಣ್ಣೆಯಿಲ್ಲ. ವರ್ಷಗಟ್ಟಲೆ ಹೀಗೆ ಓಡಿದ ಕಾರು 1ರಿಂದ 2ಕ್ಕೆ ಬದಲಾಗುವಾಗ ನಡುಗಲು ಶುರುಮಾಡುತ್ತದೆ. ಇನ್ನೊಂದು ದುಬಾರಿ ಭಾಗ ಮೆಕಾಟ್ರಾನಿಕ್ ಯೂನಿಟ್. ಹೈಡ್ರಾಲಿಕ್ ಒತ್ತಡದಿಂದ ಕ್ಲಚ್ ಮತ್ತು ಗೇರ್‌ಗಳನ್ನು ಆಡಿಸುವುದು ಅದೇ. ಅದು ಕೆಟ್ಟಾಗ ಸಮಸಂಖ್ಯೆಯ ಗೇರ್‌ಗಳ ಜೊತೆ ರಿವರ್ಸ್ ಕೂಡ ಮಾಯವಾಗಬಹುದು, ಡಿಸ್‌ಪ್ಲೇಯಲ್ಲಿ ಗೇರ್ ಅಕ್ಷರ ಮಿಣುಕಬಹುದು.

ಇದನ್ನು ಹೀಗೆ ಪರೀಕ್ಷಿಸಿ. ಕಾರು ರಾತ್ರಿಯಿಡೀ ನಿಂತಿರುವಾಗ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಸಮತಟ್ಟು ನೆಲದಲ್ಲಿ ‘ಡಿ’ ಹಾಕಿ, ಬ್ರೇಕ್ ಮಾತ್ರ ಬಿಡಿ. ಕಾರು ಎಳೆದಾಡದೆ ನಯವಾಗಿ ಮುಂದೆ ಸರಿಯಬೇಕು. ಬಳಿಕ ಪಾರ್ಕಿಂಗ್ ರ‍್ಯಾಂಪ್‌ನಲ್ಲಿ ರಿವರ್ಸ್ ಹತ್ತಿಸಿ. ಎರಡನೇ ಕ್ಲಚ್‌ನ ಬಲಹೀನತೆ ಅಲ್ಲಿ ಬೇಗ ಗೊತ್ತಾಗುತ್ತದೆ. ಆಮೇಲೆ ಅರ್ಧ ತಾಸು ಟ್ರಾಫಿಕ್‌ನಲ್ಲೇ ಓಡಿಸಿ. ಗೇರ್‌ಬಾಕ್ಸ್ ಕಾದ ಮೇಲೆ ನಡುಕ ಬಂದರೆ ಅದು ಕ್ಲಚ್ ಸವೆದದ್ದರ ಗುರುತು. ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ‘ಪಿಕಪ್ ಚೆನ್ನಾಗಿದೆ’ ಎಂದು ಟೋಕನ್ ಹಣ ಕೊಟ್ಟುಬಿಡುವವರೇ ಕೈ ಸುಟ್ಟುಕೊಳ್ಳುವುದು.

ಫೋಕ್ಸ್‌ವ್ಯಾಗನ್-ಸ್ಕೋಡಾ ಕೆಲಸ ಬಲ್ಲ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ. ಫಾಲ್ಟ್ ಕೋಡ್ ಒಂದೂ ಇಲ್ಲ ಎಂದರೆ ಅಲ್ಲಿಗೇ ನಿಲ್ಲಬೇಡಿ, ರೆಡಿನೆಸ್ ಮಾನಿಟರ್‌ಗಳನ್ನೂ (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆ) ನೋಡಲು ಹೇಳಿ. ಅವು ‘ಅಪೂರ್ಣ’ ಎಂದು ತೋರಿಸಿದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಎರಡಕ್ಕೂ ಮಾರುವವರಿಂದ ಕಾರಣ ಕೇಳಿ.

ನಿಮ್ಮ ದಾರಿಗೆ ನಮ್ಮ ಸಲಹೆ 999 ಸಿಸಿಯ ಪೋಲೊ. ಟಾರ್ಕ್ ಕನ್ವರ್ಟರ್ ಎಣ್ಣೆಯ ಮೂಲಕ ಶಕ್ತಿ ಸಾಗಿಸುವುದರಿಂದ ತೆವಳುವ ಟ್ರಾಫಿಕ್ ಅದಕ್ಕೆ ಹೊರೆಯಲ್ಲ. ಮಂಡಿ ನೋವಿಲ್ಲದಿದ್ದರೆ, ಜಿಟಿ ಬ್ಯಾಡ್ಜ್ ಬೇಡವೆಂದರೆ, ಇದೇ ಎಂಜಿನ್ 6 ಸ್ಪೀಡ್ ಮ್ಯಾನ್ಯುವಲ್‌ನಲ್ಲೂ ಸಿಗುತ್ತದೆ. ಘಾಟ್‌ನಲ್ಲಿ ನಿಜವಾದ ಖುಷಿ ಅದರಲ್ಲೇ. ಹಳೆಯ ಡಿಎಸ್‌ಜಿ ಕಾರು ಕೊಳ್ಳುವುದಾದರೆ ಕ್ಲಚ್ ಅಥವಾ ಮೆಕಾಟ್ರಾನಿಕ್ ಬದಲಿಸಿದ ಬಿಲ್ ಇರುವುದನ್ನೇ ಆರಿಸಿ. ‘ಇನ್ನೂ ಬದಲಿಸುವ ಅಗತ್ಯವೇ ಬಿದ್ದಿಲ್ಲ’ ಎಂಬ ಮಾತಿಗಿಂತ ಆ ಬಿಲ್ಲಿಗೆ ಬೆಲೆ ಜಾಸ್ತಿ. ಏಳರಲ್ಲಿ ಆರು ಲಕ್ಷವನ್ನಷ್ಟೇ ಕಾರಿಗೆ ಇಟ್ಟು, ಒಂದು ಲಕ್ಷವನ್ನು ಮೊದಲ ವರ್ಷದ ಟೈರ್, ಬ್ರೇಕ್, ಬುಷ್‌ಗಳಿಗೆ ಉಳಿಸಿಕೊಳ್ಳಿ.

ಮಾರುತಿ ಬಲೆನೊ ಆರ್‌ಎಸ್ ಅನ್ನೂ ಒಮ್ಮೆ ಓಡಿಸಿ ನೋಡಿ. 2017ರಲ್ಲಿ ಬಂದ ಕಾರು: 1.0 ಲೀಟರ್ ಬೂಸ್ಟರ್‌ಜೆಟ್, 102 ಪಿಎಸ್, 5 ಸ್ಪೀಡ್ ಮ್ಯಾನ್ಯುವಲ್, ಹಿಂದೆಯೂ ಡಿಸ್ಕ್ ಬ್ರೇಕ್. ಮೈ ಹಗುರ. ಎಂಜಿನ್ ಬಿಟ್ಟರೆ ಬಹುತೇಕ ಭಾಗಗಳು ಸಾಮಾನ್ಯ ಬಲೆನೊದವೇ, ಹಾಗಾಗಿ ಸಣ್ಣ ರಿಪೇರಿ ಸುಲಭ. ಒಂದು ವಿಷಯ ಮಾತ್ರ ಮರೆಯಬೇಡಿ. ಬ್ರೇಕ್‌ಗೆ ನೆರವಾಗುವ ವ್ಯಾಕ್ಯೂಮ್ ಪಂಪ್‌ನ ದೋಷಕ್ಕಾಗಿ 2023ರಲ್ಲಿ ಕಂಪನಿ ಈ ಕಾರುಗಳನ್ನು ವಾಪಸ್ ಕರೆದಿತ್ತು. ಚಾಸಿ ನಂಬರ್ ಕೊಟ್ಟು, ಆ ಕೆಲಸ ಆಗಿದೆಯೇ ಎಂದು ಸರ್ವೀಸ್ ಸೆಂಟರ್‌ನಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಪ್ರಶ್ನೆ: ಚಾಕಣದ ಕಾರ್ಖಾನೆಯಲ್ಲಿ ಕೆಲಸ. ಪರಿಚಯದವರೊಬ್ಬರು ಫಿಯಟ್‌ನ ಅಬಾರ್ಥ್ ಪುಂಟೊ ಮಾರುತ್ತಿದ್ದಾರೆ. ಕಂಪನಿಯೇ ಮಾರಾಟ ನಿಲ್ಲಿಸಿದ ಕಾರು ಬೇಡ ಎಂದು ಮನೆಯವರು ಹೇಳುತ್ತಾರೆ. (ಓದುಗರು, ಭೋಸರಿ)

ಉತ್ತರ: ಈ ಬೆಲೆಗೆ ಸಿಗುವ ಕಾರುಗಳಲ್ಲಿ ಮನಸ್ಸಿಗೆ ಅತಿ ಹೆಚ್ಚು ಮುದ ಕೊಡುವುದು ಇದೇ, ಅದರಲ್ಲಿ ನಮಗೆ ಅನುಮಾನವಿಲ್ಲ. 2015ರಲ್ಲಿ ಬಂದದ್ದು, 1.4 ಲೀಟರ್ ಟಿ-ಜೆಟ್ ಟರ್ಬೊ, 145 ಪಿಎಸ್, 212 ಎನ್ಎಂ ಟಾರ್ಕ್ (ಎಂಜಿನ್‌ನ ತಿರುಗಿಸುವ ಬಲ), ನಾಲ್ಕೂ ಚಕ್ರಕ್ಕೆ ಡಿಸ್ಕ್. ತಯಾರಾದದ್ದು ನಿಮ್ಮ ಹತ್ತಿರದ ರಾಂಜಣಗಾಂವ್‌ನಲ್ಲೇ. ಹಾಗಿದ್ದೂ ಇದನ್ನು ಮನೆಯ ಒಂದೇ ಕಾರಾಗಿ ಇಟ್ಟುಕೊಳ್ಳಬೇಡಿ. ಬಂಪರ್, ಹೆಡ್‌ಲೈಟಿನಂಥ ಬಾಡಿ ಭಾಗ ಒಡೆದರೆ ಬದಲಿ ಸಿಗುವವರೆಗೆ ವಾರಗಟ್ಟಲೆ ಕಾರು ಗ್ಯಾರೇಜಿನಲ್ಲೇ ಇರಬೇಕಾಗಬಹುದು. ಅಷ್ಟು ದಿನ ನೀವು ಕೆಲಸಕ್ಕೆ ಹೋಗುವುದು ಹೇಗೆ? ಮನೆಯಲ್ಲಿ ಬೈಕೋ, ಇನ್ನೊಂದು ಕಾರೋ ಇದ್ದರೆ ಧೈರ್ಯವಾಗಿ ನೋಡಿ.

ಅದು ನಿಜವಾದ ಅಬಾರ್ಥ್ ಹೌದೇ ಎಂಬುದು ಮೊದಲ ಪರೀಕ್ಷೆ. ಸಿಸಿ ನೋಡಿ ತೀರ್ಮಾನಿಸಲು ಇಲ್ಲಿ ಬರುವುದಿಲ್ಲ. ಟರ್ಬೊ ಇಲ್ಲದ 1.4 ಪೆಟ್ರೋಲ್ ಪುಂಟೊ ಕೂಡ 1368 ಸಿಸಿಯದೇ, ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಆರ್‌ಸಿಯಲ್ಲಿ ಮಾಡೆಲ್ ಹೆಸರು ಓದಿ, ಬಾನೆಟ್ ಎತ್ತಿ ಟರ್ಬೊವನ್ನೂ ಇಂಟರ್‌ಕೂಲರ್ ಪೈಪನ್ನೂ ಕಣ್ಣಾರೆ ನೋಡಿ.

ಎರಡನೆಯದು ಟೈಮಿಂಗ್ ಬೆಲ್ಟ್. ಈ ಎಂಜಿನ್‌ನಲ್ಲಿರುವುದು ಚೈನ್ ಅಲ್ಲ, ರಬ್ಬರ್ ಬೆಲ್ಟ್. ಅದು ತುಂಡಾದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ರಬ್ಬರಿಗೆ ಕಿಲೋಮೀಟರಿನಷ್ಟೇ ವಯಸ್ಸೂ ಲೆಕ್ಕ. 30,000 ಕಿಮೀ ಮಾತ್ರ ಓಡಿದೆ ಎಂದರೂ, ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಟೆನ್ಷನರ್ ಮತ್ತು ವಾಟರ್ ಪಂಪ್ ಕೂಡ ಆಗಲೇ ಹಾಕಿಸಿಬಿಡಿ. ಅವನ್ನು ಮುಟ್ಟಲು ಬಿಚ್ಚಬೇಕಾದದ್ದು ಒಂದೇ, ಎರಡು ಸಲ ಕೂಲಿ ಯಾಕೆ ಕೊಡಬೇಕು? ಕಾರಿನ ಗ್ರೌಂಡ್ ಕ್ಲಿಯರೆನ್ಸ್ 155 ಮಿಮೀ. ಲಿಫ್ಟ್ ಮೇಲೆ ಹತ್ತಿಸಿ ಅಡಿಯಲ್ಲಿ ಉಜ್ಜಿದ ಗುರುತು, ಆಯಿಲ್ ಸಂಪ್‌ನಲ್ಲಿ ನೆಗ್ಗು ಇದೆಯೇ ನೋಡಿ.

ಪ್ರಶ್ನೆ: ಮುಂಬೈನಲ್ಲಿ ಮಳೆಗಾಲ ಕಳೆದ ಮೇಲೆ ಒಳ್ಳೊಳ್ಳೆಯ ಕಾರುಗಳು ಕಡಿಮೆ ಬೆಲೆಗೆ ಬರುತ್ತವೆ. ನೀರಿನಲ್ಲಿ ಮುಳುಗಿದ ಕಾರನ್ನು ಗುರುತಿಸುವುದು ಹೇಗೆ? (ಓದುಗರು, ಮುಲುಂಡ್)

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಸೀಟು, ಕಾರ್ಪೆಟ್ ತೊಳೆದು ಸುಗಂಧ ಹೊಡೆದರೆ ಮೇಲ್ನೋಟಕ್ಕೆ ಏನೂ ಕಾಣದು. ಆದರೆ ತೊಳೆಯುವವರ ಕೈ ತಲುಪದ ಜಾಗಗಳಿವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯೊಳಗೆ ಸದಾ ಅಡಗಿರುವ ಆ ಕೊನೆಯ ಒಂದಡಿಯಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟನ್ನು ಹಿಂದಕ್ಕೆ ಸರಿಸಿ, ಅದರ ಹಳಿ ಮತ್ತು ಬೋಲ್ಟ್‌ಗಳ ತುಕ್ಕು ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಗುಣಿಯ ತಳವನ್ನು ಬೆರಳಿನಿಂದ ಉಜ್ಜಿ. ನಯವಾದ ಒಣ ಮಣ್ಣು ಹತ್ತಿದರೆ ಅದು ರಸ್ತೆಯ ಧೂಳಲ್ಲ. ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್ ತೆರೆದು ಟಾರ್ಚ್ ಬಿಡಿ. ತಾಮ್ರದ ಪಿನ್‌ಗಳ ಮೇಲೆ ಹಸಿರು ಕಿಲುಬು ಇದ್ದರೆ ಮಾತು ಮುಗಿಯಿತು.

ಮುಳುಗಿದ ಕಾರು ಒಡನೆ ಕೆಡುವುದಿಲ್ಲ, ಮೋಸ ನಡೆಯುವುದು ಅದರಿಂದಲೇ. ವೈರಿಂಗ್ ಕನೆಕ್ಟರ್‌ಗಳೊಳಗೆ ಉಳಿದ ತೇವ ತಿಂಗಳುಗಟ್ಟಲೆ ಲೋಹ ತಿನ್ನುತ್ತದೆ. ಆಮೇಲೆ ಒಂದು ದಿನ ಏರ್‌ಬ್ಯಾಗ್ ಲೈಟ್, ಇನ್ನೊಂದು ದಿನ ಪವರ್ ವಿಂಡೋ. ಟರ್ಬೊ ಕಾರುಗಳಲ್ಲಿ ಸೆನ್ಸರ್‌ಗಳು ಹೆಚ್ಚು, ಆದ್ದರಿಂದ ತಲೆನೋವೂ ಹೆಚ್ಚು. ಕಾರಿನ ವಿಮಾ ಕ್ಲೇಮುಗಳ ವಿವರವನ್ನು ಮಾಲೀಕರೇ ವಿಮಾ ಕಂಪನಿಯಿಂದ ಬರೆಸಿ ತರಲಿ. ಮಳೆಗಾಲದಲ್ಲಿ ದೊಡ್ಡ ಮೊತ್ತದ ಕ್ಲೇಮ್ ಆಗಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿರಲಿ.

ಕಡಲ ಬದಿಯ ಉಪ್ಪುಗಾಳಿಯ ತುಕ್ಕು ಬೇರೆ ವಿಷಯ. ಅದು ಅಡಿಯಿಂದ ಬರುತ್ತದೆ. ಹಿಂದಿನ ಆಕ್ಸಲ್ ಬೀಮ್, ಬ್ರೇಕ್ ಪೈಪ್, ಸೈಲೆನ್ಸರ್ ಜೋಡಣೆಗಳನ್ನು ನೋಡಿ. ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ. ಸ್ಕ್ರೂಡ್ರೈವರ್ ಒತ್ತಿದಾಗ ಪದರ ಉದುರಿದರೆ ಹೆದರಬೇಕು.

ಪ್ರಶ್ನೆ: 2014ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ನೋಡಿದ್ದೇನೆ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದರೆ ಪವರ್ ತುಂಬಾ ಏರುತ್ತದಂತೆ, ಹೌದೇ? (ಓದುಗರು, ಠಾಣೆ)

ಉತ್ತರ: ಏರುತ್ತದೆ, ಆದರೆ ಈ ಕಾರಿಗೆ ಬೇಡ. ಎಂಜಿನ್ 180 ಪಿಎಸ್, 250 ಎನ್ಎಂ ಕೊಡುತ್ತದೆ. ಇದರಲ್ಲಿರುವುದೂ ಮೇಲೆ ಹೇಳಿದ ಅದೇ ಒಣ ಕ್ಲಚ್‌ನ 7 ಸ್ಪೀಡ್ ಡಿಎಸ್‌ಜಿ, ಅದರ ಮಿತಿಯೂ 250 ಎನ್ಎಂ. ಅಂದರೆ ಕಾರ್ಖಾನೆಯಿಂದ ಹೊರಬಂದಾಗಲೇ ಗೇರ್‌ಬಾಕ್ಸ್ ತನ್ನ ಗಡಿಯಲ್ಲಿದೆ. ರೀಮ್ಯಾಪ್‌ನಿಂದ ಎಂಜಿನ್‌ಗೆ ಸಿಗುವುದನ್ನು ಕ್ಲಚ್ ತೆರಬೇಕಾಗುತ್ತದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಡು ಅಪಘಾತದ ನಂತರ ಕ್ಲೇಮ್ ತಿರಸ್ಕರಿಸಲು ಕಾರಣವೂ ಆಗಬಹುದು. ಹಿಂದಿನ ಮಾಲೀಕರು ರೀಮ್ಯಾಪ್ ಮಾಡಿಸಿ, ಮಾರುವ ಮುನ್ನ ಮೊದಲಿನಂತೆ ಮಾಡಿಟ್ಟಿದ್ದಾರೆಯೇ ಎಂದೂ ಸ್ಕ್ಯಾನ್ ಮಾಡಿಸುವಾಗ ವಿಚಾರಿಸಿ.

ಪ್ರಶ್ನೆ: ವಾಸ್ಕೋದಲ್ಲಿದ್ದೇನೆ. ಬೆಳಗಾವಿಯಲ್ಲಿ ಕೆಎ 22 ನಂಬರಿನ ಒಳ್ಳೆಯ ಹುಂಡೈ ಐ20 ಎನ್ ಲೈನ್ ಇದೆ. ಚೋರ್ಲಾ ಘಾಟ್ ಇಳಿಸಿ ತಂದುಬಿಟ್ಟರೆ ಆಯಿತೇ, ಕಾಗದಪತ್ರ ಏನೇನು ಬೇಕು? (ಓದುಗರು, ಗೋವಾ)

ಉತ್ತರ: ಕಾರಿನ ಆಯ್ಕೆ ಒಳ್ಳೆಯದು: 120 ಪಿಎಸ್, ಹಿಂದೆಯೂ ಡಿಸ್ಕ್, ಸರ್ವೀಸ್ ಸೆಂಟರ್ ಎಲ್ಲೆಡೆ. 2021ರಿಂದ ಬಂದವುಗಳಲ್ಲಿ ಐಎಂಟಿ ಎಂದರೆ ಗೇರ್ ನೀವೇ ಹಾಕಬೇಕು, ಕ್ಲಚ್ ಪೆಡಲ್ ಇರುವುದಿಲ್ಲ. ಓಡಿಸಿ ನೋಡದೆ ಒಪ್ಪಬೇಡಿ, ಕೆಲವರಿಗೆ ಅದು ಒಗ್ಗುವುದೇ ಇಲ್ಲ.

ಕಾಗದದ ಕೆಲಸ ಬೆಳಗಾವಿಯಲ್ಲೇ ಶುರುವಾಗಬೇಕು. ಕಾರಿನ ಮೇಲೆ ಸಾಲವಿದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಪಡೆದು ಆರ್‌ಸಿಯಿಂದ ಸಾಲದ ನಮೂದು ತೆಗೆಸಬೇಕು. ನಂತರ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30, ಇಬ್ಬರದೂ ಸಹಿ. ಗೋವಾದ ಹೊಸ ನಂಬರಿಗೆ ಫಾರ್ಮ್ 27, ಜೊತೆಗೆ ಅಲ್ಲಿನ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಭಾಗವನ್ನು ವಾಪಸ್ ಕೇಳಬಹುದು, ಆದರೆ ಅದು ಆಮೇಲಿನ ಮಾತು. ಗೋವಾದ ತೆರಿಗೆಯನ್ನು ಮೊದಲು ಕೈಯಿಂದ ಕಟ್ಟಬೇಕಾದ್ದರಿಂದ ಬೆಲೆ ಮಾತಾಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿದರೆ ನಂಬರ್ ಬದಲಿಸಲೇಬೇಕು ಎಂಬ ನಿಯಮವನ್ನು ‘ವರ್ಷ ಆರಾಮ’ ಎಂದು ಓದಿಕೊಳ್ಳುವವರಿದ್ದಾರೆ. ಮಾಲೀಕರ ಹೆಸರಿನ ಬದಲಾವಣೆಗೆ ಆ ರಿಯಾಯಿತಿ ಇಲ್ಲ, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ವಿಮೆ ನಿಮ್ಮ ಹೆಸರಿಗೆ ಆಗಲು 14 ದಿನದೊಳಗೆ ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದೇ, ಕಾರಿನ ಜೊತೆ ನಿಮಗೆ ಬರುವುದಿಲ್ಲ. ಬಾಕಿ ಚಲನ್‌ಗಳನ್ನು ಹಣ ಕೊಡುವ ಮುನ್ನವೇ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಘಾಟ್ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಪ್ಯಾಡ್ ಹೊಸದು. ಎರಡು ತಿಂಗಳ ಹಿಂದೆ ಕೊಂಡ ಕಾರು. (ಓದುಗರು, ಸಾತಾರಾ ರಸ್ತೆ, ಪುಣೆ)

ಉತ್ತರ: ಮೊದಲು ಅನುಮಾನಿಸಬೇಕಾದದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಸತತವಾಗಿ ಬ್ರೇಕ್ ಒತ್ತಿ ಕ್ಯಾಲಿಪರ್ ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ. ಆವಿ ಅದುಮಿಕೊಳ್ಳುತ್ತದೆ, ಆದ್ದರಿಂದ ಪೆಡಲ್ ಕೆಳಗಿಳಿದರೂ ಬ್ರೇಕ್ ಹಿಡಿಯುವುದಿಲ್ಲ. ಆಯಿಲ್ ಬದಲಿಸಿ ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸುವವರೆಗೆ ಘಾಟ್ ಕಡೆ ಹೋಗಬೇಡಿ. ಮ್ಯಾನ್ಯುವಲ್‌ನಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಆಮೇಲೂ ಮೆತ್ತಗಿದ್ದರೆ ಹೋಸ್ ಪೈಪ್ ಮತ್ತು ಮಾಸ್ಟರ್ ಸಿಲಿಂಡರ್ ನೋಡಿಸಿ. ಇಳಿಯುವಾಗ ಹತ್ತುವ ಗೇರಿನಲ್ಲೇ, ಅಂದರೆ 2 ಅಥವಾ 3ರಲ್ಲಿ ಇಳಿಯಿರಿ.

ಹಾಗೆಯೇ ಟೈರಿನ ಬದಿಯಲ್ಲಿ ಅಂಡಾಕಾರದೊಳಗಿನ ನಾಲ್ಕು ಅಂಕಿ ಓದಿ. 2317 ಎಂದಿದ್ದರೆ 2017ರ 23ನೇ ವಾರದ್ದು. ಅಷ್ಟು ಹಳೆಯ ಟೈರಿನ ಬಟನ್ ಎಷ್ಟೇ ಆಳವಿದ್ದರೂ ರಬ್ಬರ್ ಗಡುಸಾಗಿರುತ್ತದೆ, ಮಳೆಯಲ್ಲಿ ಖಂಬಾಟ್ಕಿ ಘಾಟಿನ ತಿರುವಿನಲ್ಲಿ ಜಾರುತ್ತದೆ. ಬ್ರೇಕ್ ಕೆಲಸದ ಜೊತೆಗೇ ನಾಲ್ಕನ್ನೂ ಬದಲಿಸಿ.