ಕಾಸರಗೋಡಿನವರು ಕಡಿಮೆ ಖರ್ಚಿನ, ಒಳ್ಳೆಯ ನರ್ಸಿಂಗ್ ಕಾಲೇಜು ಹುಡುಕುವುದು ಹೇಗೆ?

ಮೊದಲು ಕೇರಳ ಸರ್ಕಾರದ ಸಂಸ್ಥೆಯಾದ ಎಲ್‌ಬಿಎಸ್ ಸೆಂಟರ್ ಮೂಲಕ ಅರ್ಜಿ ಹಾಕಿ. ಕೇರಳದ ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಸೀಟು, ಖಾಸಗಿ ಕಾಲೇಜುಗಳ ಮೆರಿಟ್ ಸೀಟು ಎರಡೂ ಅಲ್ಲಿಂದಲೇ ಹಂಚಿಕೆಯಾಗುತ್ತವೆ. ಸರ್ಕಾರಿ ಸೀಟು ಸಿಕ್ಕಿದರೆ ಕಣ್ಣೂರು ಜಿಲ್ಲೆಯ ಪರಿಯಾರಂ ಆಗಲಿ, ಕೋಝಿಕ್ಕೋಡ್ ಆಗಲಿ, ದೂರ ಅಂತ ಬಿಡಬೇಡಿ. ಅದು ಸಿಗದಿದ್ದಾಗ ಮಾತ್ರ ಮಂಗಳೂರಿನ ಖಾಸಗಿ ಕಾಲೇಜುಗಳ ಯೋಚನೆ. ಅಲ್ಲಿಯೂ ಕರ್ನಾಟಕದ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆದರೆ ಸರ್ಕಾರಿ ಕೋಟಾಕ್ಕೆ ಪ್ರಯತ್ನಿಸಬಹುದು. ನಮ್ಮ ಕಡೆಯವರಿಗೆ ‘ಗಡಿನಾಡ ಕನ್ನಡಿಗ’ ಎಂಬ ವಿಭಾಗವೇ ಇದೆ, ಎಷ್ಟೋ ಜನರಿಗೆ ಗೊತ್ತಿಲ್ಲ.

ಕಾಲೇಜು ಒಳ್ಳೆಯದೋ ಅಲ್ವೋ ಅಂತ ತಿಳಿಯಲು ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ನರ್ಸಿಂಗ್ ಕಲಿಯುವುದು ರೋಗಿಯ ಹಾಸಿಗೆ ಪಕ್ಕದಲ್ಲಿ. ಅದಕ್ಕೇ ಬಿಎಸ್ಸಿ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ಆದರೆ ಹಾಸಿಗೆ ಇದ್ದರೆ ಸಾಲದು, ರೋಗಿಗಳೂ ಬೇಕಲ್ವಾ? ಒಂದು ಬೆಳಿಗ್ಗೆ ಹತ್ತು ಗಂಟೆಗೆ ಸುಮ್ನೆ ಹೋಗಿ ಒಪಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಕುಳಿತುಕೊಳ್ಳಿ. ಚೀಟಿ ಕೌಂಟರ್ ಮುಂದೆ ಸಾಲಿಲ್ಲ, ವಾರ್ಡ್‌ನಲ್ಲಿ ಹಾಸಿಗೆ ಮಡಚಿಟ್ಟಿದ್ದಾರೆ ಅಂದರೆ ಆ ಕಾಲೇಜು ಬೇಡ. ಮೂರನೇ ವರ್ಷದ ಮಕ್ಕಳ ಹತ್ತಿರ ‘ಹೆರಿಗೆ ಎಷ್ಟು ನೋಡಿದ್ದೀರಿ?’ ಅಂತ ಕೇಳಿ. ಆಫೀಸಿನವರ ಉತ್ತರಕ್ಕಿಂತ ಅದು ಜಾಸ್ತಿ ನಂಬಿಕೆಯದ್ದು.

ಸೀಟು ಕೊಡಿಸುವ ಏಜೆಂಟ್ ಹೇಳುವ ಫೀಸು ಸಾಮಾನ್ಯವಾಗಿ ಮೊದಲ ವರ್ಷದ್ದು ಮಾತ್ರ. ನಾಲ್ಕೂ ವರ್ಷದ ಫೀಸು, ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ ಸೇರಿಸಿ ಬರವಣಿಗೆಯಲ್ಲಿ ಕೇಳಿ. ಮೂಲ ಸರ್ಟಿಫಿಕೇಟ್ ಏಜೆಂಟ್ ಕೈಗೆ ಕೊಡಲೇಬೇಡಿ. ರಾಜ್ಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯಾ ಅಂತಲೂ ನೋಡಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ ನರ್ಸ್ ಆಗಿ ನೋಂದಣಿಯೇ ಆಗುವುದಿಲ್ಲ.