ಮಾಡಿದ್ದನ್ನು ಬಲ್ಲವರು

ಮಾನ್ಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ವರ್ಷದ ಕೊನೆಯ ರಜೆಗಳು ಹತ್ತಿರವಾದಾಗ ಕಚೇರಿಯಲ್ಲಿ ಎಲ್ಲರನ್ನೂ ಸುತ್ತ ಕೂರಿಸಿ, ಯಾರಿಗೆ ಕೃತಜ್ಞರೆಂದು ಒಬ್ಬೊಬ್ಬರಿಂದಲೂ ಹೇಳಿಸಿದರೆಂದೂ, ನಿಮ್ಮ ಸರದಿಯಲ್ಲಿ ಬಾಯಿಗೆ ಬಂದ ಎರಡು ಮಾತು ಹೇಳಿ ಮುಗಿಸಿದಿರೆಂದೂ, ಅದೇ ಎರಡು ಮಾತನ್ನು ಆ ಸಂಜೆ ಮನೆಯವರಿಗೆಲ್ಲ ಸಂದೇಶವಾಗಿ ಕಳಿಸಿದಾಗ ನಿಮಗೇ ನಾಚಿಕೆಯಾಯಿತೆಂದೂ ಬರೆದಿದ್ದೀರಿ. ಹೆತ್ತವರನ್ನು ನೋಡಿಕೊಳ್ಳುತ್ತಿರುವ ಅಕ್ಕನ ಬಗೆಗಾಗಲಿ, ನೀವು ರಜೆಯಲ್ಲಿದ್ದಾಗ ನಿಮ್ಮ ಪಾಳಿಯನ್ನೂ ಹೊರುವ ಸಹೋದ್ಯೋಗಿಯ ಬಗೆಗಾಗಲಿ ಮನಸ್ಸಿನಲ್ಲಿ ದಣಿವಲ್ಲದೆ ಬೇರೇನೂ ಏಳುತ್ತಿಲ್ಲ, ನನ್ನ ಎದೆ ಒಣಗಿಹೋಗಿದೆಯೇ ಎಂದು ಕೇಳಿದ್ದೀರಿ.

ಎದೆಯ ಮಾತನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಕೃತಜ್ಞತೆಯನ್ನು ನೀವು ಭಾವನೆಗಳ ನಡುವೆ ಹುಡುಕುತ್ತಿದ್ದೀರಿ. ಪದ ಮಾತ್ರ ಬೇರೆಯೇ ದಿಕ್ಕನ್ನು ತೋರಿಸುತ್ತದೆ. 'ಕೃತ' ಎಂದರೆ ಮಾಡಿದ್ದು, 'ಜ್ಞ' ಎಂದರೆ ಬಲ್ಲವನು. ಇನ್ನೊಬ್ಬರು ಮಾಡಿದ್ದನ್ನು ಬಲ್ಲವನೇ ಕೃತಜ್ಞ. ಅದನ್ನು ಕೊಂದುಹಾಕುವವನು ಕೃತಘ್ನ. ನಮ್ಮಲ್ಲಿ ಬಹುಪಾಲು ಜನ ಈ ಎರಡೂ ಅಲ್ಲ, ತಮಗಾಗಿ ಏನೇನು ನಡೆಯಿತೆಂಬುದನ್ನು ಸರಿಯಾಗಿ ತಿಳಿದಿರದವರು ಅಷ್ಟೆ. ನಿಮ್ಮ ಅಕ್ಕ ಕಳೆದ ತಿಂಗಳು ಏನೇನು ಮಾಡಿದರೆಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. 'ನೋಡಿಕೊಳ್ಳುತ್ತಿದ್ದಾಳೆ' ಎಂಬ ಒಂದೇ ಕ್ರಿಯಾಪದವಿದೆ. ಆ ಒಂದು ಪದದೊಳಗೆ ಎಷ್ಟು ರಾತ್ರಿಗಳ ಎಚ್ಚರ, ಎಷ್ಟು ಔಷಧಿಗಳ ಲೆಕ್ಕ, ಎಷ್ಟು ಬಾರಿ ನುಂಗಿಕೊಂಡ ಸಿಟ್ಟು ಅಡಗಿದೆಯೋ ನನಗೆ ತಿಳಿಯದು. ನಿಮಗೂ ತಿಳಿದಂತೆ ಕಾಣುವುದಿಲ್ಲ.

ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ, ಏಕೆಂದರೆ ಮನಸ್ಸು ಲೆಕ್ಕ ಬರೆದುಕೊಳ್ಳುವುದೇ ಹೀಗೆ. ಮೈಕೇಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 37 ದಂಪತಿಗಳನ್ನು, ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ, ಮನೆಯ ಇಂತಿಂಥ ಕೆಲಸಗಳಲ್ಲಿ ತಮ್ಮ ಪಾಲೆಷ್ಟು ಎಂದು ಕೇಳಲಾಯಿತು. ಇಬ್ಬರೂ ಹೇಳಿಕೊಂಡ ಪಾಲನ್ನು ಕೂಡಿದಾಗ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ಶೇಕಡಾ ನೂರನ್ನು ಮೀರಿತು. ಇದನ್ನು ಬರೀ ಬಡಾಯಿಯೆಂದು ತಳ್ಳಿಹಾಕುವಂತಿಲ್ಲ. ಜಗಳಕ್ಕೆ ಕಾರಣವಾಗುವಂಥ, ಹೆಮ್ಮೆಪಡಲಾಗದ ಸಂಗತಿಗಳಲ್ಲೂ ಜನ ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿಕೊಂಡಿದ್ದರು. ನಾವು ಮಾಡಿದ್ದರ ಪ್ರತಿಯೊಂದು ಗಳಿಗೆಗೂ ನಾವೇ ಸಾಕ್ಷಿಗಳಾಗಿರುತ್ತೇವೆ, ಇನ್ನೊಬ್ಬರು ಮಾಡಿದ್ದರಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮುಗಿದ ಕೆಲಸ ಮಾತ್ರ. ಆದ್ದರಿಂದ ನಮ್ಮ ದುಡಿಮೆಯೇ ನೆನಪಿಗೆ ಬೇಗ ಬರುತ್ತದೆ. ರಜೆಯ ದಿನಗಳಲ್ಲಿ ಈ ವ್ಯತ್ಯಾಸ ಇನ್ನಷ್ಟು ಹಿಗ್ಗುತ್ತದೆ: ಮನೆ ತುಂಬ ಜನ, ಎಲ್ಲರ ಕೈತುಂಬ ಕೆಲಸ, ಎಲ್ಲರಿಗೂ ತಾವೇ ಹೆಚ್ಚು ಹೊತ್ತಿದ್ದೇವೆಂಬ ನಂಬಿಕೆ. ನಿಮ್ಮ ದಣಿವು ಸುಳ್ಳಲ್ಲ, ಆದರೆ ಅದು ಒಂದೇ ಕಡೆಯ ಲೆಕ್ಕ.

ಮನೆಯವರಿಗೆ ಬಾಯಿಬಿಟ್ಟು ವಂದಿಸಲು ಬಾರದಿರುವುದನ್ನೂ ನೀವು ದೋಷವೆಂದು ಎಣಿಸಿದ್ದೀರಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಿಮ್ಮ ಮೇಲೆ ಎಸೆಯುವುದು ಸುಲಭ, ನಾನು ಎಸೆಯುವುದಿಲ್ಲ. ಐದು ಖಂಡಗಳ ಎಂಟು ಭಾಷೆಗಳಲ್ಲಿ ಜನರು ಮನೆಯವರೊಡನೆ, ನೆರೆಯವರೊಡನೆ ಆಡುವ ಸಹಜ ಮಾತುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೇಳಿದ ಸಹಾಯ ದೊರೆತಾಗ ಬಾಯಿಬಿಟ್ಟು ವಂದಿಸುವುದು ಎಲ್ಲ ಕಡೆಯೂ ಅಪರೂಪವೆಂದು ಕಂಡುಕೊಂಡಿತು. ನೀರು ಕೊಡು ಎಂದರೆ ಕೊಡುತ್ತಾರೆ, ಕುಡಿಯುತ್ತೇವೆ, ಮಾತು ಮುಂದುವರಿಯುತ್ತದೆ. ಆ ಮೌನದಲ್ಲಿ ಸಲಿಗೆಯಿದೆ, ಕೇಳಿದರೆ ಸಿಗುತ್ತದೆಂಬ ಭರವಸೆಯಿದೆ. ಲೋಟ ನೀರಿಗೆ ಸಾಲುವ ಈ ಮೌನ ವರ್ಷಗಟ್ಟಲೆ ನಡೆದ ಆರೈಕೆಗೂ ಸಾಲುತ್ತದೆಂದು ನಾವು ಭಾವಿಸಿಕೊಳ್ಳುವಲ್ಲಿ ಮಾತ್ರ ತೊಡಕಿದೆ.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಪ್ರತಿ ವಿಶೇಷಾಂಕದ ಕೊನೆಯಲ್ಲಿ 'ಸಹಕರಿಸಿದ ಎಲ್ಲರಿಗೂ ವಂದನೆಗಳು' ಎಂದು ಬರೆಯುವವನು ನಾನೇ. ಒಮ್ಮೆ ನಮ್ಮ ಕರಡು ತಿದ್ದುವವರು ಕಾಯಿಲೆ ಬಿದ್ದು, ಅವರ ಪುಟಗಳನ್ನು ನಾನು ನೋಡಬೇಕಾಯಿತು. ಲೇಖಕರು ತಪ್ಪಾಗಿ ಬರೆದ ಇಸವಿಗಳನ್ನು, ಎರಡು ಕಡೆ ಎರಡು ಬಗೆಯಾಗಿದ್ದ ಹೆಸರುಗಳನ್ನು ಅವರು ಇಷ್ಟು ಕಾಲವೂ ಸದ್ದಿಲ್ಲದೆ ಸರಿಪಡಿಸುತ್ತಿದ್ದರೆಂದು, ಅಂಥ ಏಳೆಂಟು ತಪ್ಪುಗಳನ್ನು ನಾನು ಕಾಣದೆ ಬಿಟ್ಟು ಓದುಗರ ಪತ್ರಗಳು ಬಂದಾಗಲೇ ನನಗೆ ಅರಿವಾದದ್ದು. ಆಮೇಲೆ ಅವರಿಗೆ ಹೇಳಲು ನನ್ನ ಬಳಿ ಮಾತಿತ್ತು, ಏಕೆಂದರೆ ಹೇಳಲು ಸಂಗತಿಯಿತ್ತು. ಆ ಕಾರಣದಿಂದಲೇ ನೀವು ಕಳಿಸಿದ ಎರಡು ಸಾಲುಗಳು ನಿಮ್ಮನ್ನು ನಾಚಿಸಿದವೆಂದು ನನಗನ್ನಿಸುತ್ತದೆ. ಅವು ಸುಳ್ಳಾಗಿರಲಿಲ್ಲ, ಯಾರಿಗೆ ಬೇಕಾದರೂ ಸಲ್ಲುವಂತಿದ್ದವು.

ಹೇಳಿದರೆ ಕೃತಕವಾಗಿ ಕೇಳಿಸೀತೆಂಬ ಅಂಜಿಕೆ ನಿಮ್ಮೊಬ್ಬರದಲ್ಲ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮಗೆ ನೆರವಾದವರಿಗೆ ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಆಗುವ ಮುಜುಗರವನ್ನು ಇದ್ದುದಕ್ಕಿಂತ ಹೆಚ್ಚಾಗಿಯೂ ಸಂತೋಷವನ್ನು ಕಡಿಮೆಯಾಗಿಯೂ ಅಂದಾಜು ಮಾಡಿದ್ದರು. ಬರೆಯುವವರು ಪದಗಳು ಸರಿಯಾಗಿವೆಯೇ ಎಂದು ಚಿಂತಿಸುತ್ತಿದ್ದರು; ಓದಿದವರು ಅವುಗಳ ಹಿಂದಿನ ಅಕ್ಕರೆಯನ್ನು ಕಂಡಿದ್ದರು.

ಕಚೇರಿಯ ಆ ಸಭೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವವಿದ್ಯಾಲಯವೊಂದಕ್ಕಾಗಿ ದೂರವಾಣಿಯಲ್ಲಿ ದೇಣಿಗೆ ಕೇಳುವ ಸಿಬ್ಬಂದಿಯನ್ನು ನಿರ್ದೇಶಕಿಯೊಬ್ಬರು ಖುದ್ದಾಗಿ ಬಂದು ವಂದಿಸಿದ ಮೇಲೆ, ಮುಂದಿನ ವಾರ ಅವರು ಮಾಡಿದ ಕರೆಗಳು ಶೇ. 50ಕ್ಕೂ ಹೆಚ್ಚು ಏರಿದ್ದನ್ನು ಆಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜಿನೊ 2010ರಲ್ಲಿ ವರದಿ ಮಾಡಿದರು. ಇಂಥ ಅಂಕಿಗಳನ್ನು ಓದಿದ ಮೇಲಧಿಕಾರಿಗಳು ಕೃತಜ್ಞತೆಯನ್ನು ಕೆಲಸ ತೆಗೆಸುವ ಉಪಾಯವೆಂದು ತಿಳಿದು ಸಭೆ ಕರೆಯುವುದುಂಟು. ಅಲ್ಲಿ ನಿಮಗೆ ಮಾತು ಹೊರಡದಿದ್ದುದು ಸಹಜವೇ. ಆ ನಿರ್ದೇಶಕಿ ತಾನೇ ನಡೆದು ಬಂದು ಹೇಳಿದರು, ಯಾರಿಂದಲೂ ಹೇಳಿಸಲಿಲ್ಲ ಎಂಬುದನ್ನು ಈ ಮೇಲಧಿಕಾರಿಗಳು ಗಮನಿಸಿದಂತಿಲ್ಲ. ಅಲ್ಲದೆ ಹೆಚ್ಚುವರಿ ಪಾಳಿಗೆ ನ್ಯಾಯವಾಗಿ ಸಲ್ಲಬೇಕಾದ ಸಂಬಳ ಮತ್ತು ಬದಲಿ ರಜೆಯ ಜಾಗವನ್ನು ಯಾವ ವಂದನೆಯೂ ತುಂಬಲಾರದು. ಮನೆಯಲ್ಲೂ ಅಷ್ಟೆ: ಅಕ್ಕನ ಬಗ್ಗೆ ನಿಮಗಿರುವ ಹಳೆಯ ದೂರೊಂದನ್ನು ಪತ್ರದ ನಡುವೆ ಪ್ರಸ್ತಾಪಿಸಿದ್ದೀರಿ. ಅದನ್ನು ಮರೆತರೆ ಮಾತ್ರ ಅವರ ಉಪಕಾರ ನೆನೆಯಬಹುದೆಂಬ ನಿಯಮವೇನೂ ಇಲ್ಲ. ಎರಡೂ ಒಂದೇ ಮನಸ್ಸಿನಲ್ಲಿ ಇರಬಹುದು, ಇರಲಿ.

ಈ ರಜೆಯಲ್ಲಿ ಅಕ್ಕನ ಬಳಿ ಕುಳಿತು, ವಂದಿಸುವುದಕ್ಕೆ ಮೊದಲು, ಅವರ ಒಂದು ಸಾಮಾನ್ಯ ದಿನ ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಸಾಗುತ್ತದೆಂದು ಕೇಳಿ. ಮೊದಲು 'ಏನಿಲ್ಲ ಬಿಡು' ಎಂದಾರು, ಮತ್ತೆ ಕೇಳಿ. ಅವರು ಹೇಳಿದ್ದರಲ್ಲಿ ನಿಮ್ಮಿಂದಾಗುವ ಒಂದು ಕೆಲಸವನ್ನು ನೀವಿರುವಷ್ಟು ದಿನವಾದರೂ ವಹಿಸಿಕೊಳ್ಳಿ. ಅದರ ತೂಕ ಗೊತ್ತಾದ ಮೇಲೆ ಏನು ಹೇಳಬೇಕೆಂದು ನನ್ನನ್ನು ಕೇಳುವ ಅಗತ್ಯ ಬರಲಾರದು.

ಸಹೋದ್ಯೋಗಿಗೆ ಬರೆಯುವುದು ರಜೆಗೆ ಹೊರಡುವ ಮುನ್ನವೋ ಮರಳಿದ ಮೇಲೋ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಮರಳಿದ ಮೇಲೆ ಬರೆಯಿರಿ. ಹೊರಡುವ ಮುನ್ನ ಹೇಳಿದ ವಂದನೆ ಇನ್ನೊಂದು ಕೋರಿಕೆಯಂತೆ ಕೇಳಿಸುತ್ತದೆ. ಮರಳಿದ ದಿನ ನಿಮ್ಮ ಮೇಜಿನ ಮೇಲೆ ಬಾಕಿ ಇರಬೇಕಾಗಿದ್ದು ಈಗ ಏನೇನು ಇಲ್ಲ ಎಂಬುದನ್ನು ನೋಡಿ, ಅದನ್ನೇ ಬರೆಯಿರಿ.

— ಸಂಪಾದಕ